ಅವ್ವ ಮುಚ್ಚಿದ ಗಾಳಿಕಿಂಡಿ

ಹಳೆಯ ಹತ್ತಿಗೂ ಒಂದು ವಾಸನೆ ಇದೆ. ಹತ್ತಿ ವ್ಯಾಪಾರದ ಊರಾದ ಆದೋನಿಯಲ್ಲಿ ಹುಟ್ಟಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಉಳಿದವರು ಬಿಚ್ಚಿದ ಹಳೇ ಗಾದಿಯನ್ನು ನೆನೆಸಿಕೊಂಡರೆ ಸಾಕು. ಹೋದ ವಾರ ಆ ವಾಸನೆ ನನಗೆ ಬಂದದ್ದು ಅಣ್ಣನ ಕಾರಿನ ಹೊಟ್ಟೆಯೊಳಗಿಂದ. ಏಸಿ ರಿಪೇರಿ ಮಾಡುವ ಮಾಬು ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗೆ ಎರಡು ಬೆರಳು ಹಾಕಿ, ಕರ್ರಗಾದ ಹತ್ತಿಯನ್ನು ಎಳೆದ. ಎಳೆದಷ್ಟೂ ಬಂತು.

"ಇದು ಏಸಿ ಅಲ್ಲ, ಹತ್ತಿ ಬಿಡಿಸೋ ಜಿನ್ನಿಂಗ್ ಮಿಲ್ಲು ಐತಿ," ಎಂದ.

ನಗಬೇಕಾದ ಮಾತೇ. ನನಗೆ ನಗು ಬರಲಿಲ್ಲ. ಆ ಹತ್ತಿಯ ಚರಿತ್ರೆ ಮಾಬುವಿಗೆ ಗೊತ್ತಿರಲಿಲ್ಲ, ನಿಮಗಾದರೂ ಹೇಳಬೇಕು.

ಅಣ್ಣ ಹತ್ತಿ ವ್ಯಾಪಾರಿ. ಕಾರು ಕೊಂಡ ದಿನ ಅದರ ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದು, ಅವ್ವನನ್ನು ಮುಂದೆ, ಅತ್ತಿಗೆಯನ್ನೂ ನನ್ನನ್ನೂ ಹಿಂದೆ ಕೂರಿಸಿಕೊಂಡು ಪತ್ತಿಕೊಂಡಕ್ಕೆ ಹೊರಟ. ಊರು ದಾಟುತ್ತಲೇ ಠೀವಿಯಿಂದ ಒಂದು ಗುಂಡಿ ಒತ್ತಿದ. ಅವ್ವನ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಆಕೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಹುಡುಗನ ಎದೆ ಮೊದಲೇ ಸೂಕ್ಷ್ಮ, ನೆಗಡಿಯಾದರೆ ನೋಡುವವರು ಯಾರು ಎಂದು ವಿಚಾರಣೆ ಶುರುಮಾಡಿದಳು. ಹುಡುಗನಿಗೆ ಆಗಲೇ ಐವತ್ತು ದಾಟಿತ್ತು; ಹುಡುಗನ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಆದರೂ ಏಸಿ ಬಂದ್ ಆಯಿತು.

ಅಷ್ಟಕ್ಕೆ ಆಕೆಗೆ ಸಮಾಧಾನವಿಲ್ಲ. ಬಂದ್ ಮಾಡಿದ ಥಂಡಿ ಎಲ್ಲಿಗೂ ಹೋಗುವುದಿಲ್ಲ, ಒಳಗೇ ಹೊಂಚಿ ಕೂತಿರುತ್ತದೆ ಎಂಬುದು ಆಕೆಯ ಸಿದ್ಧಾಂತ. ಅದನ್ನು ಖಂಡಿಸುವಷ್ಟು ವಿಜ್ಞಾನ ನಮ್ಮ ಮನೆಯಲ್ಲಿ ಯಾರಲ್ಲೂ ಇರಲಿಲ್ಲ. ಮರುದಿನ ದೀಪದ ಬತ್ತಿಗೆಂದು ಇಟ್ಟ ಹತ್ತಿಯನ್ನು ತಂದು, ಬೀಜ ಬಿಡಿಸಿ, ಉಂಡೆ ಮಾಡಿ ಎಲ್ಲ ಕಿಂಡಿಗಳಿಗೂ ತುರುಕಿದಳು, ಕೂಸಿನ ಕಿವಿಗೆ ಇಡುವಷ್ಟು ಜತನದಿಂದ. ಪ್ರತಿ ದೀಪಾವಳಿಗೂ ಹೊಸ ಹತ್ತಿ; ಹಳೆಯದನ್ನು ತೆಗೆಯದೆ, ಅದರ ಬೆನ್ನಿಗೇ.

ಅವ್ವ ಹೋದ ಮೇಲೂ ಅಣ್ಣ ಆ ಗುಂಡಿ ಮುಟ್ಟಲಿಲ್ಲ. ಕಿಟಕಿ ಇಳಿಸಿ, ಒದ್ದೆ ಟವೆಲ್ಲು ತಲೆಗೆ ಹಾಕಿಕೊಂಡು, ಏಸಿ ಕಾರಿನಲ್ಲಿ ಬೆವರುತ್ತ ಓಡಾಡುವ ಏಕೈಕ ಸಾಹುಕಾರ ಎಂಬ ಕೀರ್ತಿ ಗಳಿಸಿದ.

ಕಳೆದ ಚಳಿಗಾಲದಲ್ಲಿ ಅವನಿಗೆ ಹೃದಯದ ಆಪರೇಷನ್ ಆಯಿತು. ಆಮೇಲೆ ತಿಂಗಳಿಗೊಮ್ಮೆ ಕರ್ನೂಲಿಗೆ ಹೋಗಿ ತೋರಿಸಬೇಕು. ಹೋದ ತಿಂಗಳು ನಾನು ಕಾರು ಓಡಿಸುತ್ತಿದ್ದಾಗ, ದಾರಿಯ ಕೋಡುಮೂರಿನ ಹತ್ತಿರ ಬಿಸಿಗಾಳಿಗೆ ಅವನು ತಲೆತಿರುಗಿ ವಾಲಿದ. ಬೇವಿನ ಮರದಡಿ ಮಲಗಿಸಿ ನೀರು ಚಿಮುಕಿಸಿದೆವು. ಇನ್ನೊಮ್ಮೆ ಹೀಗಾದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದರು. ಬಾಡಿಗೆ ಕಾರಿನ ಮಾತೆತ್ತಿದರೆ, ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆಯದನ್ನು ಹತ್ತಿದರೆ ಮಾರ್ಕೆಟ್ಟಿನಲ್ಲಿ ಏನೆಂದಾರು ಎಂದ. ಹಾಗಾದರೆ ಏಸಿಯನ್ನಾದರೂ ರಿಪೇರಿ ಮಾಡಿಸೋಣ ಎಂದೆ.

"ಅವ್ವ ತನ್ನ ಕೈಯಾರ ತುರುಕಿದ ಹತ್ತಿ ಅದು. ಯಾರೂ ಮುಟ್ಟಬ್ಯಾಡ್ರಿ."

ಅಣ್ಣನಿಗೆ ಎದುರಾಡಿ ನನಗೆ ರೂಢಿಯಿಲ್ಲ. ಹೂಂಗುಟ್ಟುವುದನ್ನೇ ಜೀವನದ ವೃತ್ತಿ ಮಾಡಿಕೊಂಡವನು ನಾನು. ಮಾತಾಡಿದವರು ಅತ್ತಿಗೆ, ಮಾತ್ರೆಯನ್ನೂ ನೀರನ್ನೂ ಹಿಡಿದು ನಿಂತಲ್ಲಿಂದಲೇ.

"ನೀವು ಚೆಂದಾಗಿ ಇರ್ಲಿ ಅಂತ ತುರುಕಿದ್ರು ಅತ್ತೆವ್ವ. ನೀವ ಇಲ್ಲಂದ್ರ ಆ ಹತ್ತಿ ಯಾರನ್ನ ಕಾಯಬೇಕ್ರಿ?"

ಅಣ್ಣ ಮಾತ್ರೆ ನುಂಗಿದ. ಲೋಟ ಕೆಳಗಿಟ್ಟ. ಕಡೆಗೆ ಕಾರಿನ ಬೀಗದಕೈ ತೆಗೆದು ನನ್ನ ಮುಂದಿಟ್ಟ.

ಕಿಂಡಿಯ ಹತ್ತಿ ಒಳಗಿನ ಫ್ಯಾನಿಗೂ ಸುತ್ತಿಕೊಂಡಿತ್ತು. ಗ್ಯಾಸು ಎಂದೋ ಸೋರಿಹೋಗಿತ್ತು. ಏಸಿ ಓಡಿಸದೆ ಇಟ್ಟದ್ದರಿಂದಲೇ ಎಣ್ಣೆ ಹರಿಯದೆ ರಬ್ಬರೆಲ್ಲ ಒಣಗಿ ಸೀಳಿದೆ ಎಂದ ಮಾಬು. ಜೋಪಾನ ಮಾಡಿದ್ದೇ ಕೆಡಿಸಿತು ಎಂಬ ಆ ಮಾತು ನನಗೆ ಅಷ್ಟಾಗಿ ಸೇರಲಿಲ್ಲ. ಹೊಸ ರಬ್ಬರು ಹಾಕಿ, ಪೈಪು ತೊಳೆದು, ಗ್ಯಾಸು ತುಂಬಿದ. ಸಂಜೆಗೆ ತಂಪು ಬಂತು. ಹತ್ತಿಯನ್ನು ಅತ್ತಿಗೆ ಕೇಳಿ ತರಿಸಿಕೊಂಡು ಹಿತ್ತಲ ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕಿದರು.

ಈಗ ಕರ್ನೂಲಿನ ಆಸ್ಪತ್ರೆಯ ಅಂಗಳದಲ್ಲಿ, ಎಂಜಿನ್ ಬಂದ್ ಮಾಡದೆ ಕೂತಿದ್ದೇನೆ. ಆಪರೇಷನ್ ಆದಾಗಿನಿಂದ ನೆಟ್ಟಗೆ ನಿದ್ದೆ ಕಾಣದ ಅಣ್ಣ, ಕೋಡುಮೂರು ಬರುವ ಮೊದಲೇ ಪಕ್ಕದ ಸೀಟಿನಲ್ಲಿ ಮಲಗಿಬಿಟ್ಟ. ಬಾಯಿ ಕೊಂಚ ತೆರೆದಿದೆ. ಉಸಿರು ಸಮನಾಗಿ ಏರಿಳಿಯುತ್ತಿದೆ. ಚೀಟಿ ಮಾಡಿಸಲು ಹೋದ ಅತ್ತಿಗೆ ಬಾಗಿಲಲ್ಲಿ ನಿಂತು, ನಮ್ಮ ಪಾಳಿ ಬಂತೆಂದು ಕೈ ಬೀಸುತ್ತಿದ್ದಾರೆ. ಎಬ್ಬಿಸಲೆಂದು ಅವನ ಹೆಗಲತ್ತ ಕೈ ಚಾಚಿದೆ.

ಅಣ್ಣನನ್ನು ಕೇಳದೆ ನಾನು ಮಾಡಿದ ಮೊದಲ ತೀರ್ಮಾನ ಇದೇ ಇರಬೇಕು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ನಮ್ಮ ಹಿಂದಿನವರನ್ನು ಒಳಗೆ ಬಿಡಲಿ ಎಂದು ಅತ್ತಿಗೆಗೆ ಸನ್ನೆ ಮಾಡಿದೆ.