ವಾಪಸು ಬರುವ ಹೊತ್ತು
ಕೆಂಪು ಸಮುದ್ರದ ಆ ಪುಟ್ಟ ಬಂದರಿನಲ್ಲಿ ತಪಾಸಣೆಯ ಅಧಿಕಾರಿ ಉಸ್ತಾದ್ ಬಖೀತ್ ಸಹಿ ಹಾಕದೆ ಒಂದು ದೋಣಿಯೂ ಹೊರಡುವುದಿಲ್ಲ. ತೇಲುವ ಜಾಕೆಟ್ಟುಗಳನ್ನು ಅವನು ಮೊದಲು ಎಣಿಸುತ್ತಾನೆ, ಆಮೇಲೆ ಮೂಸುತ್ತಾನೆ. ತಲೆಗೂದಲಿನ ಎಣ್ಣೆಯ ವಾಸನೆ ಬಂದರೆ, "ಇದನ್ನ ದಿಂಬು ಮಾಡ್ಕೊಂಡಿದ್ದೀರಿ" ಎಂದು ಅಲ್ಲೇ ತೊಡಿಸಿ, ಕೈಯೆತ್ತಿಸಿ, ಒಂದು ಸುತ್ತು ತಿರುಗಿಸಿ ನೋಡುತ್ತಾನೆ. ಹಜ್ಜಿಗೆ ಹೋಗಿಬಂದ ಮುದುಕರಿಗೂ ವಿನಾಯಿತಿ ಇಲ್ಲ. ಅವನ ಮನೆಯ ಬಾತುಕೋಳಿಗಳೂ ಜಾಕೆಟ್ಟು ತೊಟ್ಟೇ ನೀರಿಗಿಳಿಯುತ್ತವಂತೆ, ಬೆಸ್ತರು ಹೇಳುತ್ತಾರೆ. ಆದರೆ ನಿಜವಾದ ಜಗಳ ದೋಣಿಗಳು ಹೋಗಿಬರುವುದನ್ನು ಬರೆದಿಡುವ ಪುಸ್ತಕದ ಕೊನೆಯ ಕಾಲಮಿನಲ್ಲಿ. "ವಾಪಸು ಯಾವಾಗ, ರೈಸ್?" ಎಂದು ದೋಣಿಯ ಯಜಮಾನನನ್ನು ಬಖೀತ್ ಕೇಳುತ್ತಾನೆ. "ಸಂಜೆ ನಮಾಜಿಗೆ, ಉಸ್ತಾದ್, ಇನ್ಶಾಲ್ಲಾ, ದೇವರಿಚ್ಛೆ ಇದ್ರೆ." "ಇನ್ಶಾಲ್ಲಾ ಮನಸ್ಸಲ್ಲಿರ್ಲಿ, ಗಂಟೆ ಹೇಳು. ನೀನು ಬರ್ದಿದ್ರೆ ಎಷ್ಟು ಹೊತ್ತಿಗೆ ಹುಡುಕೋಕೆ ಹೊರಡ್ಲಿ?" "ದೇವರಿಗೆ ಟೈಮು ಹೇಳೋಕೆ ನಾನ್ಯಾರು?" "ದೇವರಿಗಲ್ಲ, ನನಗೆ ಹೇಳು." ರೈಸ್ ಗೊಣಗುತ್ತ ಐದೂಕಾಲು ಎನ್ನುತ್ತಾನೆ. ಅಪಘಾತ ಏರಿತೋ ಇಳಿಯಿತೋ ಎಂದು ವರ್ಷಕ್ಕೊಮ್ಮೆ ಮೇಲಿನ ಕಚೇರಿಗೆ ಮುಳುಗಿದ ದೋಣಿಗಳ ಪಟ್ಟಿ ಹೋಗಬೇಕು. ಇಷ್ಟು ಕಟ್ಟುನಿಟ್ಟಿನ ಬಖೀತನ ಪಟ್ಟಿಯಲ್ಲಿ ಒಂದು ದೋಣಿ ಮಾತ್ರ ಯಾವತ್ತೂ ಇರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ತಮ್ಮ ಹಮ್ದಾನ್ ಹೊರಟಾಗ, ಮನೆಯವನಲ್ಲವೇ ಎಂಬ ಸಲಿಗೆಯಿಂದ ಅವನು ಗಂಟೆ ಕೇಳಿರಲಿಲ್ಲ. ತಮ್ಮ ಹೇಳಿದಂತೆ ಆ ಕಾಲಮಿನಲ್ಲಿ ಇನ್ಶಾಲ್ಲಾ ಎಂದಷ್ಟೇ ಬರೆದಿದ್ದ. ಆ ದೋಣಿ ಮರಳಲೇ ಇಲ್ಲ. ಹೊಸ ಪುಸ್ತಕ ಬಂದಾಗಲೆಲ್ಲ ಬಖೀತ್ ಮೊದಲ ಪುಟದಲ್ಲಿ ಆ ಸಾಲನ್ನು ಮತ್ತೆ ಬರೆಯುತ್ತಾನೆ. "ಅದನ್ನೂ ಮುಳುಗಿದ್ದಕ್ಕೆ ಸೇರಿಸ್ಬಿಡಿ, ಉಸ್ತಾದ್" ಎಂದು ಮೇಲಿನವರು ಫೋನಿನಲ್ಲಿ ಮೆತ್ತಗೆ ಹೇಳಿದರೆ, ಬಖೀತ್ ಪುಸ್ತಕ ತೆರೆದು, ಆ ಸಾಲಿನ ಮೇಲೆ ಬೆರಳಿಟ್ಟು ನೋಡಿ, "ಅವನು ಕೊಟ್ಟ ಹೊತ್ತು ಇನ್ನೂ ಮೀರಿಲ್ಲ, ಸಾಹೇಬ್ರೇ" ಎನ್ನುತ್ತಾನೆ.