ಕುಮಟೆಗೆ ಔಷಧಿ ತರಲು ಹೋದದ್ದು

ಏಪ್ರಿಲ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಭಟ್ಕಳದಲ್ಲಿ ಕುಮಟೆಯ ಬಸ್ಸು ಹತ್ತಿದೆ. ಕೊಂಕಣ ರೈಲು ಆಗಷ್ಟೇ ಓಡತೊಡಗಿತ್ತು. ಆದರೆ ಅದರ ಹೊತ್ತಿಗೂ ನನ್ನ ಹೊತ್ತಿಗೂ ಹೊಂದಿಕೆಯಾಗಲಿಲ್ಲ. ಟಿಕೆಟ್ಟು ಹದಿನೆಂಟು ರೂಪಾಯಿ, ದಾರಿ ಸುಮಾರು ಅರವತ್ತು ಕಿಲೋಮೀಟರು. ಚೀಲದಲ್ಲಿ ಒಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಮತ್ತು ತೊಳೆದು ಒಣಗಿಸಿದ ಒಂದು ಖಾಲಿ ಬಾಟಲಿ.

ಅಣ್ಣ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಮನೆಯಲ್ಲಿ ಅವನು, ಅವನ ತಂಗಿ ನಾನು, ಇಬ್ಬರೇ. ಅವನ ಕುಡಿತ ಊರಿಗೆಲ್ಲ ಗೊತ್ತಿದ್ದ ಗುಟ್ಟು. ಇನ್ನೂ ಕುಡಿದರೆ ತಮ್ಮ ಹತ್ತಿರ ಕರೆತರಬೇಡಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಆಸ್ಪತ್ರೆಯ ನರ್ಸಮ್ಮ ಒಬ್ಬರು ನನ್ನನ್ನು ಹೊರಗೆ ಕರೆದು, ಕುಮಟೆಯ ಒಂದು ಶಾಲೆಯ ಹಿಂದಿನ ಕೋಣೆಯಲ್ಲಿ ಭಾನುವಾರ ಸಂಜೆ ಕುಡಿತ ಬಿಟ್ಟವರು ಸೇರುತ್ತಾರೆ, ಎಷ್ಟೋ ಜನಕ್ಕೆ ಗುಣವಾಗಿದೆ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೇ? ಅಣ್ಣನಿಗೆ ಹೇಳಿದರೆ, "ನಾ ಬರೂದಿಲ್ಲ, ನೀನೇ ಹೋಗಿ ಔಷಧಿ ತಕಂಡು ಬಾ" ಎಂದ. ಅದರಲ್ಲಿ ನನಗೂ ತಪ್ಪು ಕಾಣಲಿಲ್ಲ. ಹಿಂದೆ ಅವನಿಗೆ ಕಾಮಾಲೆಯಾದಾಗ ಗೇರುಸೊಪ್ಪದ ಹತ್ತಿರದ ನಾಟಿವೈದ್ಯರ ಮನೆಯಿಂದ ಔಷಧಿ ತಂದದ್ದು ನಾನೇ. ನಮ್ಮಲ್ಲಿ ರೋಗಿಯೇ ಹೋಗಬೇಕೆಂದಿಲ್ಲ. ಮನೆಯವರು ಕಾಯಿ, ಎಲೆಯಡಿಕೆ ಇಟ್ಟು ಲಕ್ಷಣ ಹೇಳಿದರೆ ಸಾಕು.

ದಾರಿಯ ಮಂಕಿ ಊರಲ್ಲಿ ಹೆಂಗಸೊಬ್ಬಳು ಗೇರುಹಣ್ಣಿನ ಬುಟ್ಟಿ ಹಿಡಿದು ನನ್ನ ಪಕ್ಕ ಕೂತಳು. ಸೆಕೆಗೆ ಹಣ್ಣು ಹುಳಿಯೊಡೆದು, ಅಣ್ಣ ಕುಡಿದು ಕೂರುವ ನಮ್ಮ ಮನೆಯ ಜಗಲಿಯದೇ ವಾಸನೆ ಮೂಗಿಗೆ ಬಡಿಯಿತು.

"ಎಲ್ಲಿಗೆ ಹೊರಟದ್ದು?"

"ಔಷಧಿಗೆ. ಅಣ್ಣನಿಗೆ ಆರಾಮಿಲ್ಲ."

"ಹೌದಾ? ಎಂತ ಆತು?"

"ಕಾಮಾಲೆ" ಎಂದೆ. ಹಳೆಯ ರೋಗವೇ ನಾಲಿಗೆಗೆ ಬಂತು. ಶರಾವತಿಯ ಸೇತುವೆ ದಾಟುವವರೆಗೂ ಆಕೆ ನೆಲನೆಲ್ಲಿ, ಮಜ್ಜಿಗೆ, ಪಥ್ಯ ಎಂದು ಹೇಳುತ್ತಲೇ ಇದ್ದಳು. ನಾನು ತಲೆಯಾಡಿಸುತ್ತಲೇ ಇದ್ದೆ. ಹೊನ್ನಾವರದಲ್ಲಿ ಅವಳು ಇಳಿದಾಗ, ಸುಳ್ಳು ರೋಗಕ್ಕೆ ಸಿಕ್ಕಿದ ಆ ಮರುಕವೂ ಹೋಯಿತಲ್ಲ ಎಂದು ಬೇಸರವಾಯಿತು. ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಒಂದು ಬನ್ಸ್ ತಿಂದು ಚಹಾ ಕುಡಿದೆ. ಕುಮಟೆಯವರೆಗೂ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ.

ಕುಮಟೆಯಲ್ಲಿ ಶಾಲೆ ಸಿಕ್ಕಿತು. ಹಿಂದಿನ ಕೋಣೆಯಲ್ಲಿ ಏಳೆಂಟು ಗಂಡಸರು ಬೆಂಚುಗಳ ಮೇಲೆ ಕೂತಿದ್ದರು. ಬಾಗಿಲಲ್ಲಿದ್ದ ನರೆತಲೆಯವರು ಹಿಂದೆ ಬಸ್ಸು ಓಡಿಸುತ್ತಿದ್ದವರಂತೆ. ಹೆಸರು ಹೇಳಲಿಲ್ಲ, ನನ್ನ ಹೆಸರನ್ನೂ ಕೇಳಲಿಲ್ಲ. ನಾನು ಕಾಯಿ, ಎಲೆಯಡಿಕೆ ಮೇಜಿನ ಮೇಲಿಟ್ಟು, ಬಾಟಲಿ ತೆಗೆದು, ಅಣ್ಣನ ಲಕ್ಷಣಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಕೈ ನಡುಗುವುದು, ಅನ್ನ ಸೇರದಿರುವುದು, ಒಬ್ಬನೇ ಮಾತಾಡುವುದು. ಯಾರೂ ನಗಲಿಲ್ಲ.

"ಇಲ್ಲಿ ಔಷಧಿ ಇಲ್ಲ ತಂಗಿ" ಎಂದರು ಅವರು. "ಕೂತು ಮಾತಾಡೂದು, ಅಷ್ಟೇ. ಅವರೇ ಬರಬೇಕು."

"ಅವ ಬರೂದಿಲ್ಲ!" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಸಿಟ್ಟು ಬಂದಿತ್ತು. ಇಷ್ಟು ದೂರ ಬಂದು ಖಾಲಿ ಬಾಟಲಿ ಹಿಡಿದು ನಿಂತಿದ್ದೆ.

ಬೆಲ್ಲ, ನೀರು ತಂದಿಟ್ಟು ಕೂರಿಸಿದರು. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿದರು. ತದಡಿಯ ಮೀನುಗಾರನೊಬ್ಬ ನನ್ನ ಕಡೆ ನೋಡದೆಯೇ ಹೇಳಿದ: "ನನ್ನ ಹೆಂಡ್ತಿನೂ ಹಿಂಗೇ ಊರೂರು ತಿರುಗಿದ್ಲು. ಅವಳ ಕಾಲು ಸವೀತು, ನಂಗೆ ಎಂತ ಆತು? ಎಂತದೂ ಇಲ್ಲ." ಆಮೇಲೆ ಕೇಳಿದ, "ಅಕ್ಕ, ಅಣ್ಣಂದು ಆತು. ನೀವು ಹೇಂಗಿದ್ರಿ?"

ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಅಪರಿಚಿತ ಗಂಡಸರ ನಡುವೆ ಹಾಗೆ ಅತ್ತದ್ದು ಅದೇ ಮೊದಲು. ಒಬ್ಬರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ ಸ್ವಲ್ಪ ಮಾತಾಡಿದೆ. ರಾತ್ರಿ ಅವನ ಉಸಿರು ನಡೆಯುತ್ತಿದೆಯೇ ಎಂದು ಎದ್ದೆದ್ದು ನೋಡುವುದನ್ನು ಹೇಳಿದೆ.

ಹೊರಡುವಾಗ ಅವರು ಕಾಯಿ ಒಡೆದು ಎಲ್ಲರಿಗೂ ಹಂಚಿ, ಒಂದು ಹೋಳು ನನ್ನ ಚೀಲಕ್ಕೆ ಹಾಕಿದರು. ನಾನು ಮಾತಾಡದೆ ಮೆಟ್ಟಿಲಿಳಿದೆ. ನರೆತಲೆಯವರು ಗೇಟಿನವರೆಗೂ ಹಿಂದೆ ಬಂದರು.

"ಎಂತ, ಒಂದು ಮಾತೂ ಹೇಳದೇ ಹೊರಟ್ರಿ?"

"ಔಷಧಿಗೆ ಹೋದಲ್ಲಿ 'ಬರ್ತೇನೆ' ಅನ್ನಬಾರದಲ್ಲ" ಎಂದೆ. "ಅಂದ್ರೆ ರೋಗ ತಿರುಗಿ ಬರ್ತದಂತೆ."

"ಇಲ್ಲಿ ಹಂಗಲ್ಲ. ಬರ್ತೇನೆ ಅಂತ ಹೇಳಿಯೇ ಹೋಗಬೇಕು."

ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರು ಇನ್ನೂ ಗೇಟು ಹಿಡಿದು ನಿಂತಿದ್ದರು.

ಮನೆ ಸೇರುವಾಗ ದೀಪ ಹಚ್ಚಿ ಹೊತ್ತಾಗಿತ್ತು. ಅಣ್ಣ ಜಗಲಿಯಲ್ಲಿ ಗೋಡೆಗೆ ಒರಗಿದ್ದ. ನಾನು ಚೀಲದಿಂದ ಬಾಟಲಿ ತೆಗೆದಿಟ್ಟೆ. ಅವನು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಎಂತದೂ ಕೊಡ್ಲಿಲ್ವ?"

"ಇಲ್ಲ. ರೋಗಿಯೇ ಹೋಗಬೇಕಂತೆ. ಮುಂದಿನ ಭಾನುವಾರ ಮತ್ತೆ ಹೋಗ್ತೆ."

"ನಾ ಬರೂದಿಲ್ಲ ಅಂದೆನಲ್ಲ. ಮತ್ತೆ ಔಷಧಿ ಯಾರಿಗೆ?"

"ನನಗೆ" ಎಂದೆ, ಕಾಯಿಯ ಹೋಳನ್ನು ಅವನ ಮುಂದಿಟ್ಟು ಒಳಗೆ ಹೋದೆ.