ಮನಾಮಾದ ಹುಡುಗನ ಟುಬ್ಲಿ ಮನೆ

ಗೆಳೆಯರೇ, ನನ್ನ ತಮ್ಮನ ಮದುವೆ ಮಾತುಕತೆ ಇವತ್ತು ಮಧ್ಯಾಹ್ನ ಮುರಿದು ಬೀಳುವುದರಲ್ಲಿತ್ತು. ಹುಡುಗಿ ಇಲ್ಲೇ ಗಲ್ಫಿನಲ್ಲಿ, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ಮಂಗಳೂರಿನಿಂದ ಬಂದಿರುವ ಅವಳ ಅಪ್ಪ ಚರ್ಚಿನಲ್ಲಿ ಶುಕ್ರವಾರದ ಬಲಿಪೂಜೆ ಮುಗಿಸಿ ನಮ್ಮ ಮನೆ ನೋಡಲು ಬಂದರು. ಕಿಟಕಿಯಿಂದ ಕೆಳಗಿನ ಗ್ಯಾರೇಜುಗಳನ್ನು ಕಂಡು ಅವರ ಮುಖ ಸಣ್ಣದಾಯಿತು.

“ಹುಡುಗ ರಾಜಧಾನಿ ಮನಾಮಾದಲ್ಲಿ ಇರುವುದು ಅಂತ ಹೇಳಿದ್ದಲ್ವಾ ನೀವು? ಇದು ಟುಬ್ಲಿ ಅಂತೆ! ನಾನು ಊರಿಡೀ ಮನಾಮಾ ಅಂತ ಹೇಳಿ ಆಗಿದೆ.”

“ಕಾರಲ್ಲಿ ಹೋದ್ರೆ ಮನಾಮಾ ಇಲ್ಲೇ ಅಂಕಲ್,” ಎಂದೆ.

“ಕಾರಲ್ಲಿ ಹೋಗ್ಬೇಕು ಅಂದ್ರೆ ಅದು ಬೇರೆ ಊರೇ ಅಲ್ವಾ ಮಾರಾಯ್ರೇ?”

ಕೋಳಿ ಸುಕ್ಕ ಬಡಿಸುತ್ತಿದ್ದ ನನ್ನ ಹೆಂಡತಿ ಕೇಳಿದಳು: “ಅಂಕಲ್, ನಿಮ್ಮ ಮನೆ ಮಂಗಳೂರಲ್ಲಿ ಎಲ್ಲಿ?”

“ಪೇಟೆಯಿಂದ ಸ್ವಲ್ಪ ಆಚೆ, ಬಜ್ಪೆ,” ಎಂದವರು ಕೂಡಲೇ ಸೇರಿಸಿದರು: “ಏರ್‌ಪೋರ್ಟ್ ಇರುವುದು ನಮ್ಮಲ್ಲೇ. ಬೋರ್ಡಲ್ಲಿ ಮಂಗಳೂರು ಅಂತಲೇ ಉಂಟು.”

ಕೆಳಗೆ ಯಾರೋ ಬಂಪರ್ ಬಡಿಯುತ್ತಿದ್ದರು. ಅಂಕಲ್ ಇನ್ನೊಂದು ತುಂಡು ಹಾಕಿಸಿಕೊಂಡರು.

ಮದುವೆ ನಿಕ್ಕಿಯಾಯಿತು. ಕಾರ್ಡಿನಲ್ಲಿ ಮಂಗಳೂರಿನ ಹುಡುಗಿ, ಮನಾಮಾದ ಹುಡುಗ ಎಂದು ಹಾಕಿಸುವುದಂತೆ. ಬಜ್ಪೆಯವರು, ಟುಬ್ಲಿಯವರು ಊಟಕ್ಕೆ ಬರಬಹುದು.